ರಂಗಭೂಮಿಯಿಂದ ದೂರದರ್ಶನಕ್ಕೆ: ಶಂಕರನಾಗ್ ಮತ್ತು ಮಲೆನಾಡಿನ ಮಾಲ್ಗುಡಿ

1

ನಟನ ಜೀವನಚರಿತ್ರೆಯನ್ನು ಬರೆಯಹೊರಟವನಿಗೆ ಮೊದಲು ಎದುರಾಗುವ ತೊಡಕು ಆಧಾರಗಳದು. ಅರಸನು ಶಾಸನವನ್ನು ಬಿಟ್ಟುಹೋಗುತ್ತಾನೆ, ಕವಿಯು ಓಲೆಗರಿಯನ್ನು, ಶಿಲ್ಪಿಯು ಕಲ್ಲನ್ನು. ನಟನು ಬಿಟ್ಟುಹೋಗುವುದು ಕಂಡವರ ನೆನಪನ್ನು. ಕಂಡವರು ಕಣ್ಮರೆಯಾದ ಮೇಲೆ ಅದೂ ಉಳಿಯದು. ಗುಬ್ಬಿ ವೀರಣ್ಣನವರ ‘ಸದಾರಮೆ’ಯ ಕಳ್ಳನ ಪಾತ್ರವು ನಾಡಿನಲ್ಲೆಲ್ಲ ಮನೆಮಾತಾಗಿತ್ತೆಂಬುದನ್ನು ನಾವು ಬಲ್ಲೆವು. ಆದರೆ ಆ ಕಳ್ಳನು ಯಾವ ಮಾತಿಗೆ ಎಷ್ಟು ತಡೆದು ನಿಲ್ಲುತ್ತಿದ್ದನು, ಯಾವ ಕಡೆಗೆ ಕಣ್ಣು ಹೊರಳಿಸಿ ಸಭೆಯನ್ನು ನಗಿಸುತ್ತಿದ್ದನು ಎಂಬುದನ್ನು ಯಾವ ಗ್ರಂಥವೂ ನಮಗೆ ತೋರಿಸಿಕೊಡಲಾರದು.

ಚಲನಚಿತ್ರ ಮತ್ತು ದೂರದರ್ಶನಗಳು ಬಂದ ಮೇಲೆ ಈ ತೊಡಕು ತೀರಿತೆಂದು ತೋರುತ್ತದೆ. ವಾಸ್ತವವಾಗಿ ಅದು ಬೇರೊಂದು ರೂಪವನ್ನು ತಾಳಿದೆ. ನಟನ ಕೆಲಸದಲ್ಲಿ ಮುದ್ರಿತವಾದ ಭಾಗ ಉಳಿಯುತ್ತದೆ. ಮುದ್ರಿತವಾಗದ ಭಾಗ ಅಳಿಯುತ್ತದೆ. ಉಳಿದ ಭಾಗವನ್ನೇ ಇಡಿಯೆಂದು ತಿಳಿಯುವ ಭ್ರಮೆಗೆ ಚರಿತ್ರಕಾರನು ಸುಲಭವಾಗಿ ಒಳಗಾಗುತ್ತಾನೆ. ಶಂಕರನಾಗ್ ಅವರ ವಿಷಯದಲ್ಲಿ ಹೀಗೆಯೇ ಆಗಿದೆಯೆಂಬುದು ನಮ್ಮ ಅಭಿಪ್ರಾಯ. ನಾಡಿನ ಬೀದಿಗಳಲ್ಲಿ ಆಟೋರಿಕ್ಷಾಗಳ ಮೇಲೆ ಇಂದಿಗೂ ಕಾಣಸಿಗುವ ಅವರ ಚಿತ್ರ 1980ರ ‘ಆಟೋರಾಜ’ನದು. ಆದರೆ ಅವರ ಕಲೆಯ ಬೇರು ರಂಗಭೂಮಿಯಲ್ಲಿತ್ತು. ಆ ಬೇರಿನಿಂದ ಬಂದ ಬಾಳಿಕೆಯ ಫಲವೊಂದು ದೂರದರ್ಶನದಲ್ಲಿ ದೊರೆಯಿತು. ಆ ಫಲ ಮಾಗಿದ ನೆಲ ನಮ್ಮ ಮಲೆನಾಡು. ಈ ಮೂರು ಮಾತುಗಳನ್ನು ಸ್ಥಾಪಿಸುವುದೇ ಈ ಲೇಖನದ ಉದ್ದೇಶ.

2

ಶಂಕರ ನಾಗರಕಟ್ಟೆಯವರು 1954ರ ನವೆಂಬರ್ 9ರಂದು ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದ ಬಳಿಯ ಮಲ್ಲಾಪುರದಲ್ಲಿ ಜನಿಸಿದರು. ಮನೆಮಾತು ಕೊಂಕಣಿ. ಅಣ್ಣ ಅನಂತನಾಗ್ ಅವರಂತೆ ಇವರೂ ಮುಂಬಯಿಯನ್ನು ಸೇರಿದರು. ಅಲ್ಲಿಯ ಮರಾಠಿ ರಂಗಭೂಮಿಯೇ ಇವರಿಗೆ ಪಾಠಶಾಲೆಯಾಯಿತು. ಮುಂದೆ ಬಾಳಸಂಗಾತಿಯಾದ ಅರುಂಧತಿಯವರ ಪರಿಚಯವಾದುದೂ ಆ ರಂಗದಲ್ಲಿಯೇ. ಚಾಫೇಕರ್ ಸಹೋದರರ ಕಥೆಯನ್ನು ಹೇಳುವ ‘22 ಜೂನ್ 1897’ ಎಂಬ ಮರಾಠಿ ಚಿತ್ರದ ಬರವಣಿಗೆಯಲ್ಲಿ ಅವರ ಕೈ ಇತ್ತೆಂಬುದು ಕನ್ನಡಿಗರಲ್ಲಿ ಅಷ್ಟಾಗಿ ಪ್ರಚಾರದಲ್ಲಿಲ್ಲ.

1978ರಲ್ಲಿ ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ ಚಿತ್ರದ ಮೂಲಕ ಅವರು ಕನ್ನಡಕ್ಕೆ ಬಂದರು. ಅದರಲ್ಲಿಯ ಯೋಧನ ಪಾತ್ರಕ್ಕೆ ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಶ್ರೇಷ್ಠ ನಟನೆಂಬ ಪ್ರಶಸ್ತಿ ಬಂದಿತು. ಅನಂತರದ ಹನ್ನೆರಡು ವರ್ಷಗಳಲ್ಲಿ ಚಿತ್ರಗಳ ಮೇಲೆ ಚಿತ್ರಗಳು ಬಂದವು. ಈ ನಡುವೆ ಅವರು ಕಟ್ಟಿ ನಡೆಸಿದ ‘ಸಂಕೇತ್’ ತಂಡದ ಕಡೆಗೆ ನಾವು ವಾಚಕರ ಲಕ್ಷ್ಯವನ್ನು ಸೆಳೆಯಬಯಸುತ್ತೇವೆ.

ಕಾರ್ನಾಡರ ‘ಅಂಜುಮಲ್ಲಿಗೆ’, ಜಯವಂತ ದಳವಿಯವರ ಮರಾಠಿ ಮೂಲದ ‘ಬ್ಯಾರಿಸ್ಟರ್’ ಮತ್ತು ‘ಸಂಧ್ಯಾ ಛಾಯಾ’, ವಿನೋದಪ್ರಧಾನವಾದ ‘ನೋಡಿ ಸ್ವಾಮಿ ನಾವಿರೋದು ಹೀಗೆ’, ಕಾರ್ನಾಡರದೇ ಆದ ‘ನಾಗಮಂಡಲ’ — ಇವು ಆ ತಂಡದ ಪ್ರಯೋಗಗಳು. ಈ ಪಟ್ಟಿಯನ್ನು ನೋಡಿದೊಡನೆ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ಮುಂಬಯಿಯಲ್ಲಿ ಕಲಿತ ವಿದ್ಯೆ ಕನ್ನಡಕ್ಕೆ ಸಾಗಿಬಂದ ದಾರಿ ಇಲ್ಲಿ ನೇರವಾಗಿ ಕಾಣುತ್ತದೆ. ಇನ್ನೊಂದು, ಇವುಗಳಲ್ಲಿ ಹೆಚ್ಚಿನವು ಮನೆಯೊಳಗಿನ ಬದುಕನ್ನು ಕುರಿತ ನಾಟಕಗಳು. ಮಕ್ಕಳಿಂದ ದೂರವಾದ ವೃದ್ಧ ದಂಪತಿಗಳ ಸಂಜೆ, ಹಳೆಯ ಕಟ್ಟಳೆಗಳ ಭಾರದಲ್ಲಿ ನರಳುವ ದೊಡ್ಡ ಮನೆ, ಒಂದೇ ಸೂರಿನ ಕೆಳಗಿನ ಹಾಸ್ಯ ಮತ್ತು ಸಂಕಟ. ಖಳನನ್ನು ಬಡಿದುರುಳಿಸುವ ನಾಯಕನಿಗೆ ಇಲ್ಲಿ ಕೆಲಸವಿಲ್ಲ. ಇಲ್ಲಿ ಬೇಕಾದುದು ಎದುರಿನವನ ಮಾತನ್ನು ಕೇಳಿಸಿಕೊಳ್ಳಬಲ್ಲ ನಟ.

3

ದೂರದರ್ಶನದ ಸಾಂಸಾರಿಕ ವಿನೋದ ಮಾಲೆಯ ಲಕ್ಷಣಗಳನ್ನು ಇಲ್ಲಿ ಸ್ವಲ್ಪ ವಿವೇಚಿಸಬೇಕು. ಒಂದು ಮನೆ ಅಥವಾ ಒಂದು ಬೀದಿ, ಬದಲಾಗದ ಕೆಲವರು, ಕಂತಿಗೊಂದರಂತೆ ಹುಟ್ಟಿ ತೀರುವ ತೊಡಕು — ಇದು ಅದರ ಚೌಕಟ್ಟು. ಸಿನಿಮಾದ ಹಾಸ್ಯದಲ್ಲಿ ನಟನು ಬಂದು ನಗಿಸಿ ಹೋಗಬಹುದು. ಇಲ್ಲಿ ಅವನು ವಾರವಾರವೂ ನೆರೆಮನೆಯವನಂತೆ ಬಂದು ಕೂರಬೇಕು. ಆದ್ದರಿಂದ ಅತಿಯಾದ ನಟನೆ ಎರಡನೆಯ ವಾರಕ್ಕೇ ಬೇಸರ ತರಿಸುತ್ತದೆ.

1982ರಲ್ಲಿ ದೂರದರ್ಶನಕ್ಕೆ ಬಣ್ಣ ಬಂದಿತು. 1984ರಲ್ಲಿ ‘ಹಮ್ ಲೋಗ್’ ಎಂಬ ಕುಟುಂಬದ ಕಥೆಯೂ ‘ಯೇ ಜೋ ಹೈ ಜಿಂದಗಿ’ ಎಂಬ ವಿನೋದ ಮಾಲೆಯೂ ಹಿಂದಿಯಲ್ಲಿ ಮೊದಲಾದವು. ಎರಡನೆಯದರಲ್ಲಿ ವಾರಕ್ಕೊಂದು ವೇಷದಲ್ಲಿ ಬಂದು ನಗಿಸಿದ ಸತೀಶ್ ಷಾ ಅವರು ನಟನಾ ಶಿಕ್ಷಣ ಪಡೆದು ಬಂದವರು. ಶಫಿ ಇನಾಂದಾರ್ ಅವರು ರಂಗಭೂಮಿಯವರು. ಕನ್ನಡದಲ್ಲಿಯೂ ಹೀಗೆಯೇ ಆಯಿತು. ‘ಕ್ರೇಜಿ ಕರ್ನಲ್’ ಎಂಬ ಮಾಲೆಯಲ್ಲಿ ಕರ್ನಲ್ಲನ ಪಾತ್ರದಿಂದ ಮನೆಮನೆಯನ್ನು ಮುಟ್ಟಿದ ರಮೇಶ್ ಭಟ್ಟರು ಶಂಕರನಾಗ್ ಅವರ ರಂಗದ ಒಡನಾಡಿ. ‘ನೋಡಿ ಸ್ವಾಮಿ ನಾವಿರೋದು ಹೀಗೆ’ ನಾಟಕದಲ್ಲಿ ಅವರ ಜೊತೆಗೆ ಬಣ್ಣ ಹಚ್ಚಿದವರು. ಹೊಸ ಮಾಧ್ಯಮಕ್ಕೆ ಬೇಕಾದ ನಟರನ್ನು ಹಳೆಯ ರಂಗವೇ ಸಾಕಿ ಇಟ್ಟಿದ್ದಿತು.

ಈ ಹಿನ್ನೆಲೆಯಲ್ಲಿ ‘ಮಾಲ್ಗುಡಿ ಡೇಸ್’ ಮಾಲೆಯನ್ನು ನೋಡಬೇಕು. ಆರ್. ಕೆ. ನಾರಾಯಣರ ಕಥೆಗಳನ್ನು ಆಧರಿಸಿ ಶಂಕರನಾಗ್ ನಿರ್ದೇಶಿಸಿದ, ಟಿ. ಎಸ್. ನರಸಿಂಹನ್ ನಿರ್ಮಿಸಿದ ಈ ಮಾಲೆ 1986–87ರ ಅವಧಿಯಲ್ಲಿ ದೇಶಕ್ಕೆಲ್ಲ ಪರಿಚಿತವಾಯಿತು. ಕೇವಲ ವಿನೋದ ಮಾಲೆಯೆಂದು ಇದನ್ನು ಕರೆಯಲಾಗದು. ಹಲವು ಕಂತುಗಳು ವಿಷಾದದಲ್ಲಿ ಮುಗಿಯುತ್ತವೆ. ಆದರೆ ಸ್ವಾಮಿಯ ಕಥೆಗಳು ಮೇಲೆ ಹೇಳಿದ ಚೌಕಟ್ಟಿಗೆ ಸರಿಯಾಗಿ ಹೊಂದುತ್ತವೆ. ಅದೇ ಮನೆ, ಅದೇ ಗದರುವ ತಂದೆ, ಅದೇ ಅಜ್ಜಿ, ಅದೇ ಶಾಲೆ.

4

ಈಗ ಸ್ಥಳದ ಪ್ರಶ್ನೆಗೆ ಬರೋಣ. ನಾರಾಯಣರ ಮಾಲ್ಗುಡಿ ಯಾವ ಭೂಪಟದಲ್ಲಿಯೂ ಇಲ್ಲದ ಊರು. 1935ರಲ್ಲಿ ‘ಸ್ವಾಮಿ ಮತ್ತು ಸ್ನೇಹಿತರು’ ಕಾದಂಬರಿ ಪ್ರಕಟವಾದಂದಿನಿಂದ ಅದು ಬಯಲುಸೀಮೆಯ ಪುಟ್ಟ ಪಟ್ಟಣವಾಗಿಯೇ ಓದುಗರ ಮನಸ್ಸಿನಲ್ಲಿ ನೆಲೆಸಿತ್ತು. ಶಂಕರನಾಗ್ ಅದನ್ನು ತಂದು ನಿಲ್ಲಿಸಿದುದು ತೀರ್ಥಹಳ್ಳಿ ತಾಲೂಕಿನ ಆಗುಂಬೆಯಲ್ಲಿ. ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಘಟ್ಟದ ನೆತ್ತಿಯಲ್ಲಿ. ಅಲ್ಲಿಂದ ಶೃಂಗೇರಿಗೆ ಸುಮಾರು 30 ಕಿಲೋಮೀಟರು. ಜಿಲ್ಲೆಯ ಗಡಿ ನಡುವೆ ಹಾದುಹೋದರೂ ಆಗುಂಬೆ, ಶೃಂಗೇರಿ, ಕೊಪ್ಪ, ನರಸಿಂಹರಾಜಪುರಗಳು ಒಂದೇ ಬಾಳಿನ ಪ್ರದೇಶ: ಅಡಕೆಯ ತೋಟ, ಹೆಂಚಿನ ಮಾಡು, ಕಂಬಗಳ ಜಗಲಿ, ನಡುವೆ ತೆರೆದ ಅಂಗಳ.

ಸ್ವಾಮಿಯ ಮನೆಯಾಗಿ ಕಾಣುವ ಆಗುಂಬೆಯ ದೊಡ್ಡಮನೆ ಇಂಥದೇ. ಈ ಮನೆಯ ರಚನೆಗೂ ಮಾಲೆಯ ಹಾಸ್ಯಕ್ಕೂ ಸಂಬಂಧವಿದೆಯೆಂದು ನಾವು ಭಾವಿಸುತ್ತೇವೆ. ಜಗಲಿಯಲ್ಲಿ ತಂದೆ ಕುಳಿತರೆ ಒಳಗಿನ ಅಜ್ಜಿಗೆ ಮಾತು ಕೇಳಿಸುತ್ತದೆ. ಅಂಗಳ ದಾಟುವ ಹುಡುಗನು ಇಬ್ಬರ ಕಣ್ಣಿಗೂ ಬೀಳುತ್ತಾನೆ. ಕಂಬದ ಮರೆಯೊಂದೇ ಅವನಿಗೆ ಆಸರೆ. ಯಾರೂ ಯಾರಿಂದಲೂ ಪೂರ್ತಿಯಾಗಿ ಬಚ್ಚಿಟ್ಟುಕೊಳ್ಳಲಾಗದ ಮನೆಯಲ್ಲಿ ಹಾಸ್ಯ ತಾನಾಗಿ ಹುಟ್ಟುತ್ತದೆ. ಹಲವರನ್ನು ಏಕಕಾಲದಲ್ಲಿ ಕಾಣಿಸಿ, ಒಬ್ಬನ ಮಾತಿಗೆ ಇನ್ನೊಬ್ಬನ ಮುಖವನ್ನು ಉತ್ತರವಾಗಿ ತೋರಿಸಬಲ್ಲ ಈ ಮನೆ ರಂಗಮಂಚದ ಗುಣವನ್ನು ಪಡೆದಿದೆ. ನಾಟಕದ ಮನುಷ್ಯನು ಈ ಗುಣವನ್ನು ಗುರುತಿಸಿದುದು ಆಶ್ಚರ್ಯವಲ್ಲ.

ಈ ಸೀಮೆಗೆ ತನ್ನದೇ ಆದ ನಗೆಯ ಪರಂಪರೆಯೂ ಇದೆ. ಸುಗ್ಗಿಯ ದಿನಗಳಲ್ಲಿ ಘಟ್ಟ ಹತ್ತಿ ಬರುವ ಯಕ್ಷಗಾನ ಮೇಳಗಳ ಹಾಸ್ಯಗಾರನು ರಾಜನ ಎದುರಿನಲ್ಲಿಯೇ ಊರಿನ ಮಾತನ್ನಾಡಿ ನಗಿಸುತ್ತಾನೆ. ಮಳೆಗಾಲದಲ್ಲಿ ಮನೆಯ ಜಗಲಿಯೇ ತಾಳಮದ್ದಳೆಯ ರಂಗವಾಗುತ್ತದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಮಾತಿಗೆ ಮಾತು ಕೊಡುವ ಜಾಣ್ಮೆಯೊಂದೇ ಬಂಡವಾಳ. ತಾಳಮದ್ದಳೆಯಿಂದ ದೂರದರ್ಶನದ ಮಾಲೆ ಹುಟ್ಟಿತೆಂದು ಹೇಳುವುದು ಅವಿಚಾರವಾದೀತು. ಆದರೆ ಕುಳಿತಲ್ಲಿಂದಲೇ ಮಾತಿನ ಸೂಕ್ಷ್ಮವನ್ನು ಸವಿಯಬಲ್ಲ ಪ್ರೇಕ್ಷಕರು ಕೊಪ್ಪ, ಶೃಂಗೇರಿಗಳ ಮನೆಗಳಲ್ಲಿ ಮೊದಲೇ ಸಿದ್ಧರಿದ್ದರೆಂದು ಹೇಳಲು ಅಡ್ಡಿಯಿಲ್ಲ. ಅವರು ಪರದೆಯ ಮೇಲೆ ಕಂಡ ಜಗಲಿ ಅವರು ಕುಳಿತಿದ್ದ ಜಗಲಿಯೇ ಆಗಿತ್ತು. ಅಲ್ಲಿ ಕೇಳಿದ ಭಾಷೆ ಮಾತ್ರ ಹಿಂದಿ ಅಥವಾ ಇಂಗ್ಲಿಷು. ತಮ್ಮ ಮನೆಯನ್ನು ಪರಭಾಷೆಯಲ್ಲಿ ನೋಡುವ ಈ ವಿಚಿತ್ರ ಅನುಭವವನ್ನು ನಮ್ಮ ಸಂಸ್ಕೃತಿಯ ಚರಿತ್ರೆ ಇನ್ನೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

5

ದೂರದರ್ಶನದಲ್ಲಿ ಶಂಕರನಾಗ್ ಮುಖ್ಯವಾಗಿ ನಿರ್ದೇಶಕರಾಗಿ ನಿಂತರು. ಹಾಗಾದರೆ ಇದು ನಟನ ಚರಿತ್ರೆ ಹೇಗಾದೀತೆಂಬ ಆಕ್ಷೇಪ ಬರಬಹುದು. ನಮ್ಮ ಉತ್ತರವಿಷ್ಟು: ರಂಗದಲ್ಲಿ ಪಳಗಿದ ನಟನ ವಿದ್ಯೆ ಅವನ ದೇಹದಲ್ಲಿ ಮಾತ್ರ ಇರುವುದಿಲ್ಲ, ಅವನು ಕಟ್ಟುವ ತಂಡದಲ್ಲಿಯೂ ಇರುತ್ತದೆ. ಸ್ವಾಮಿಯ ತಂದೆಯಾಗಿ ಗಿರೀಶ ಕಾರ್ನಾಡರು, ತಾಯಿಯಾಗಿ ವೈಶಾಲಿ ಕಾಸರವಳ್ಳಿಯವರು, ಇತರ ಕಥೆಗಳಲ್ಲಿ ಅನಂತನಾಗ್, ಅರುಂಧತಿ ನಾಗ್, ರಮೇಶ್ ಭಟ್ — ಇವರೆಲ್ಲ ರಂಗದ ನಂಟುಳ್ಳವರು. ಕಾರ್ನಾಡರ ತಂದೆ ನಗಿಸಲು ಯತ್ನಿಸುವುದೇ ಇಲ್ಲ. ಆತನ ಗಾಂಭೀರ್ಯವೇ ಹುಡುಗನ ಪಾಲಿಗೆ ಆಪತ್ತು, ನೋಡುವವರ ಪಾಲಿಗೆ ವಿನೋದ. ಸ್ವಾಮಿಯಾದ ಬಾಲಕ ಮಂಜುನಾಥನ ಸಹಜತೆಯನ್ನು ಹೊಗಳದವರಿಲ್ಲ. ಆ ಸಹಜತೆಗೆ ಎಡೆಮಾಡಿಕೊಟ್ಟುದು ಸುತ್ತಲಿನ ಹಿರಿಯ ನಟರ ಸಂಯಮವೆಂಬುದನ್ನು ಮರೆಯಬಾರದು.

ಇನ್ನೊಂದು ನಿದರ್ಶನವನ್ನು ಕೊಡಬಹುದು. ಚಿಕ್ಕ ಸಂಬಳದ ಗುಮಾಸ್ತನ ಕಥೆ ಈ ಮಾಲೆಯಲ್ಲಿದೆ. ಪುಟ್ಟ ಮಗಳನ್ನು ಸಿನಿಮಾಕ್ಕೆ ಕರೆದೊಯ್ಯುವೆನೆಂದು ಮಾತು ಕೊಟ್ಟ ಆತನಿಗೆ ಕಚೇರಿಯಿಂದ ಬಿಡುಗಡೆಯಿಲ್ಲ. ಕೆಲಸವನ್ನೇ ಬಿಡುವೆನೆಂದು ರೋಷದಿಂದ ಕಾಗದ ಬರೆಯುತ್ತಾನೆ. ಸಂಬಳ ಐದು ರೂಪಾಯಿ ಏರಿತೆಂದು ತಿಳಿದೊಡನೆ ಕಾಗದವನ್ನು ಹಿಂತೆಗೆದುಕೊಳ್ಳುತ್ತಾನೆ. ಮನೆಗೆ ಬಂದಾಗ ಮಗು ಹೊಸ ಬಟ್ಟೆಯಲ್ಲಿಯೇ ನಿದ್ದೆ ಹೋಗಿದೆ. ಈ ಗುಮಾಸ್ತನ ಪಾತ್ರವನ್ನು ವಹಿಸಿದವರು ಆ ಕಾಲದ ಜನಪ್ರಿಯ ನಾಯಕ ನಟ ವಿಷ್ಣುವರ್ಧನ್. ಸಾವಿರಾರು ಜನರ ಜಯಘೋಷಕ್ಕೆ ಒಗ್ಗಿದ ನಾಯಕನನ್ನು ಐದು ರೂಪಾಯಿಗೆ ಸೋಲುವ ಮನುಷ್ಯನನ್ನಾಗಿ ಮಾಡಲು ನಿರ್ದೇಶಕನಿಗೂ ನಟನಿಗೂ ರಂಗದ ಒಂದು ತತ್ತ್ವದಲ್ಲಿ ನಂಬಿಕೆಯಿರಬೇಕು: ಪಾತ್ರವು ಎಷ್ಟು ಚಿಕ್ಕದಾದರೂ ನಟನನ್ನು ಚಿಕ್ಕವನನ್ನಾಗಿ ಮಾಡುವುದಿಲ್ಲ.

6

1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಬಳಿಯ ಆನಗೋಡಿನಲ್ಲಿ ನಡೆದ ಕಾರು ಅಪಘಾತದಲ್ಲಿ ಶಂಕರನಾಗ್ ತೀರಿಕೊಂಡರು. ಮೂವತ್ತಾರು ವರ್ಷ ಅವರಿಗೆ ಇನ್ನೂ ತುಂಬಿರಲಿಲ್ಲ. ಅವರ ನೆನಪಿಗೆ ಅರುಂಧತಿಯವರ ಶ್ರಮದಿಂದ 2004ರಲ್ಲಿ ಬೆಂಗಳೂರಿನಲ್ಲಿ ‘ರಂಗಶಂಕರ’ ತೆರೆಯಿತು. 2006ರಲ್ಲಿ ಕವಿತಾ ಲಂಕೇಶರ ನಿರ್ದೇಶನದಲ್ಲಿ ಮಾಲ್ಗುಡಿಯ ಕಥೆಗಳು ಮತ್ತೆ ದೂರದರ್ಶನಕ್ಕೆ ಬಂದವು. ಮಾಲೆಯಲ್ಲಿ ಮಾಲ್ಗುಡಿಯ ರೈಲು ನಿಲ್ದಾಣವಾಗಿ ಕಾಣಿಸಿಕೊಂಡ ಅರಸಾಳಿನ ಹಳೆಯ ಕಟ್ಟಡವನ್ನು ರೈಲ್ವೆಯವರು ವಸ್ತುಸಂಗ್ರಹಾಲಯವನ್ನಾಗಿ ಮಾಡಿದ್ದಾರೆ. ನಾಟಕಮಂದಿರ, ಕಟ್ಟಡ, ಮುದ್ರಿತ ಕಂತುಗಳು ಉಳಿದಿವೆ. ಉಳಿಯದಿರುವುದು ಮನುಷ್ಯರು.

ಸಂಗೀತ ನೀಡಿದ ಎಲ್. ವೈದ್ಯನಾಥನ್ 2007ರಲ್ಲಿ, ವಿಷ್ಣುವರ್ಧನ್ 2009ರಲ್ಲಿ, ವೈಶಾಲಿ ಕಾಸರವಳ್ಳಿ 2010ರಲ್ಲಿ, ಛಾಯಾಗ್ರಾಹಕ ಎಸ್. ರಾಮಚಂದ್ರ 2011ರಲ್ಲಿ, ಶೀರ್ಷಿಕೆಯ ಚಿತ್ರಗಳನ್ನು ಬರೆದ ಆರ್. ಕೆ. ಲಕ್ಷ್ಮಣ್ 2015ರಲ್ಲಿ, ಕಾರ್ನಾಡರು 2019ರಲ್ಲಿ ನಮ್ಮನ್ನಗಲಿದರು. ಹೆಸರುಳ್ಳವರ ನೆನಪುಗಳು ಅಲ್ಲಲ್ಲಿ ಅಚ್ಚಾಗಿವೆ. ಆದರೆ ಚಿತ್ರೀಕರಣದ ದಿನಗಳಲ್ಲಿ ಬೀದಿಯ ಬದಿಯಲ್ಲಿ ನಿಂತು ನೋಡಿದವರು, ಸಂತೆಯ ದೃಶ್ಯಗಳಲ್ಲಿ ಜನರಾಗಿ ನಡೆದವರು, ಅನಂತರ ಟಿ.ವಿ. ಇದ್ದ ನೆರೆಮನೆಗೆ ಹೋಗಿ ಅದನ್ನು ನೋಡಿದವರು — ಇವರ ಸಾಕ್ಷ್ಯವನ್ನು ಕ್ರಮವಾಗಿ ಸಂಗ್ರಹಿಸದಿದ್ದರೆ ಅದು ಉಳಿಯುವಂತಿಲ್ಲ. ಅಂದು ಇಪ್ಪತ್ತರ ಹರೆಯದಲ್ಲಿದ್ದವರಿಗೆ ಇಂದು ಅರವತ್ತು ದಾಟಿದೆ.

ಆದ್ದರಿಂದ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮತ್ತು ತೀರ್ಥಹಳ್ಳಿಯ ಕಾಲೇಜುಗಳ ಅಧ್ಯಾಪಕ ಮಿತ್ರರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ನಮ್ಮದೊಂದು ಬಿನ್ನಹವಿದೆ. ನಿಮ್ಮ ಮನೆಯ ಹಿರಿಯರನ್ನು ಕೇಳಿರಿ: ಆ ಮಾಲೆಯನ್ನು ಎಲ್ಲಿ, ಯಾರ ಜೊತೆಗೆ ನೋಡಿದಿರಿ? ಪರಭಾಷೆಯ ಮಾತು ಎಷ್ಟು ತಿಳಿಯಿತು? ಯಾವ ದೃಶ್ಯಕ್ಕೆ ನಕ್ಕಿರಿ? ಅದರ ಮೊದಲು ಯಾವ ಆಟದ ಯಾವ ಹಾಸ್ಯಗಾರನಿಗೆ ನಕ್ಕಿದ್ದಿರಿ? ಉತ್ತರಗಳನ್ನು ಹೇಳಿದವರ ಮಾತಿನಲ್ಲಿಯೇ, ದಿನಾಂಕದೊಡನೆ ಬರೆದಿಡಿರಿ. ನಟನ ಚರಿತ್ರೆಯಲ್ಲಿ ಅರ್ಧ ಭಾಗ ಅವನದು, ಉಳಿದರ್ಧ ನಕ್ಕವರದು. ಮೊದಲನೆಯ ಅರ್ಧಕ್ಕೆ ಮುದ್ರಿಕೆಗಳಿವೆ. ಎರಡನೆಯದು ನಮ್ಮ ಮಲೆನಾಡಿನ ಜಗಲಿಗಳ ಮೇಲೆ ಇಂದಿಗೂ ಕುಳಿತಿದೆ, ಕೇಳುವವರು ಹೋಗಬೇಕಾಗಿದೆ.