ತುದಿ ಕತ್ತರಿಸಿದರೆ ಕೂದಲು ಬೇಗ ಬೆಳೆಯುತ್ತದೆಯೇ? ಬೋರ್ ನೀರಿನ ಊರಿನಲ್ಲಿ ಉದ್ದ ಜಡೆ ಉಳಿಸಿಕೊಳ್ಳುವುದು ಹೇಗೆ?

ಹರಿದಾಡುತ್ತಿರುವ ಮಾತು

ತಿಂಗಳಿಗೊಮ್ಮೆ ಒಂದು ಇಂಚು ತುದಿ ಕತ್ತರಿಸಿದರೆ ಕೂದಲು ಎರಡು ಪಟ್ಟು ಬೇಗ ಬೆಳೆಯುತ್ತದೆ. ಕವಲೊಡೆದ ತುದಿಗೆ ಎಣ್ಣೆ ಹಚ್ಚಿದರೆ ಮತ್ತೆ ಕೂಡಿಕೊಳ್ಳುತ್ತದೆ. ಬೋರ್ ನೀರಿಗೆ ಪಟಿಕ ಹಾಕಿ ತಲೆ ತೊಳೆದರೆ ಕೂದಲು ಹಾಳಾಗುವುದಿಲ್ಲ. ಇಂಥ ಸಲಹೆಗಳು ವಾಟ್ಸಾಪ್‌ನಲ್ಲಿ, ರೀಲ್ಸ್‌ಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯವರಿಗೆ ನೀರಿನ ಮಾತು ಬಂದರೆ ಕಿವಿ ನೆಟ್ಟಗಾಗುವುದು ಸಹಜ. ಇವುಗಳಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು? ಒಂದೊಂದಾಗಿ ನೋಡೋಣ.

ಚುಟುಕಾಗಿ ಉತ್ತರ

ತುದಿ ಕತ್ತರಿಸಿದರೆ ಕೂದಲು ಬೆಳೆಯುವ ವೇಗ ಬದಲಾಗುವುದಿಲ್ಲ. ಕವಲೊಡೆದ ತುದಿ ಯಾವ ಎಣ್ಣೆಯಿಂದಲೂ ಮತ್ತೆ ಒಂದಾಗುವುದಿಲ್ಲ. ಪಟಿಕ ನೀರಿನ ಗಡಸುತನ ತೆಗೆಯುವುದಿಲ್ಲ. ಆದರೆ ತುದಿ ಸವೆಯುವುದನ್ನು ನಿಧಾನ ಮಾಡಬಹುದು, ಅದಕ್ಕೆ ಹೆಚ್ಚು ಖರ್ಚೂ ಬೇಕಿಲ್ಲ.

ಕೂದಲು ಬೆಳೆಯುವುದು ಬುಡದಲ್ಲಿ

ನೆತ್ತಿಯ ಚರ್ಮದೊಳಗೆ ಇರುವ ಬುಡದಲ್ಲಿ ಮಾತ್ರ ಕೂದಲಿಗೆ ಜೀವವಿದೆ. ಚರ್ಮದಿಂದ ಹೊರಗೆ ಬಂದದ್ದು ಕೆರಾಟಿನ್ ಎಂಬ ಪ್ರೋಟೀನಿನ ಎಳೆ. ಅದರಲ್ಲಿ ನರವಿಲ್ಲ, ರಕ್ತವಿಲ್ಲ. ಕತ್ತರಿಸಿದರೆ ನೋವಾಗದಿರುವುದೂ ಅದಕ್ಕೇ. ತುದಿಯಲ್ಲಿ ಕತ್ತರಿ ಆಡಿಸಿದ ಸುದ್ದಿ ಬುಡಕ್ಕೆ ತಲುಪುವ ದಾರಿಯೇ ಇಲ್ಲ. ಹುಣ್ಣಿಮೆಯಲ್ಲಿ ಕತ್ತರಿಸಿದರೂ ಅಮಾವಾಸ್ಯೆಯಲ್ಲಿ ಕತ್ತರಿಸಿದರೂ ಬುಡದ ಪಾಡಿಗೆ ಬುಡ ಕೆಲಸ ಮಾಡುತ್ತಿರುತ್ತದೆ.

ತಲೆಗೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್, ಅಂದರೆ ವರ್ಷಕ್ಕೆ 12ರಿಂದ 15 ಸೆಂ.ಮೀ. ಬೆಳೆಯುತ್ತದೆ. ಈ ಲೆಕ್ಕದಲ್ಲಿ ಮೂರು ಅಡಿ ಜಡೆಯ ತುದಿಗೆ ಆರೇಳು ವರ್ಷ ವಯಸ್ಸು. ಆರೇಳು ವರ್ಷದ ಬಿಸಿಲು, ಬಾಚಣಿಗೆ, ಸಾಬೂನು, ಟವೆಲ್ಲಿನ ಉಜ್ಜಾಟ ಎಲ್ಲವನ್ನೂ ಆ ತುದಿ ಕಂಡಿರುತ್ತದೆ. ಪ್ರತಿ ಕೂದಲಿಗೂ ಬೆಳೆಯುವ ಅವಧಿ ಎಂದಿರುತ್ತದೆ, ಸಾಮಾನ್ಯವಾಗಿ ಎರಡರಿಂದ ಏಳು ವರ್ಷ. ಆ ಮೇಲೆ ಅದು ಉದುರಿ ಹೊಸದು ಹುಟ್ಟುತ್ತದೆ. ಒಬ್ಬರ ಕೂದಲು ಮಂಡಿಯವರೆಗೆ ಬರುವುದಕ್ಕೂ ಇನ್ನೊಬ್ಬರದು ಸೊಂಟದಲ್ಲೇ ನಿಲ್ಲುವುದಕ್ಕೂ ಮುಖ್ಯ ಕಾರಣ ಹುಟ್ಟಿನಿಂದ ಬಂದ ಈ ಅವಧಿ.

"ನನ್ನ ಕೂದಲು ಬೆಳೆಯುತ್ತಲೇ ಇಲ್ಲ" ಎನ್ನುವ ಹಲವರಲ್ಲಿ ಬುಡದಲ್ಲಿ ಬೆಳೆಯುತ್ತಿರುತ್ತದೆ, ತುದಿಯಲ್ಲಿ ಅಷ್ಟೇ ಮುರಿಯುತ್ತಿರುತ್ತದೆ. ಜಮಾ ಆದಷ್ಟೇ ಖರ್ಚಾದರೆ ಖಾತೆಯಲ್ಲಿ ಏನೂ ಉಳಿಯುವುದಿಲ್ಲವಲ್ಲ, ಹಾಗೆ.

ತುದಿ ಏಕೆ ಕವಲೊಡೆಯುತ್ತದೆ?

ಕೂದಲಿನ ಹೊರಪದರಕ್ಕೆ ಕ್ಯೂಟಿಕಲ್ ಎಂದು ಹೆಸರು. ಹೆಂಚಿನ ಮನೆಯ ಮಾಡಿನಂತೆ ಒಂದರ ಮೇಲೊಂದು ಹೊದ್ದ ತೆಳು ಚಿಪ್ಪುಗಳು ಅವು. ಅದರ ಮೇಲೆ ಜಿಡ್ಡಿನ ತೀರಾ ತೆಳುವಾದ ಲೇಪವಿರುತ್ತದೆ. ಒಳಗಿರುವುದು ಉದ್ದುದ್ದ ನಾರುಗಳ ಕಟ್ಟು. ಕೂದಲಿಗೆ ಗಟ್ಟಿತನ ಬರುವುದು ಈ ನಾರುಗಳಿಂದ.

ವರ್ಷಗಟ್ಟಲೆ ಉಜ್ಜಿ ಉಜ್ಜಿ ಮೊದಲು ಜಿಡ್ಡಿನ ಲೇಪ ಹೋಗುತ್ತದೆ. ಆಮೇಲೆ ಚಿಪ್ಪುಗಳು ಏಳುತ್ತವೆ, ಒಂದೊಂದಾಗಿ ಕಿತ್ತುಬರುತ್ತವೆ. ಹೆಂಚು ಹೋದ ಮೇಲೆ ಒಳಗಿನ ನಾರು ಬಯಲಾಗುತ್ತದೆ. ಬಾವಿ ಹಗ್ಗದ ತುದಿ ಹುರಿ ಬಿಚ್ಚಿಕೊಂಡಂತೆ ಕೂದಲು ಎರಡಾಗಿ, ಮೂರಾಗಿ ಸೀಳುತ್ತದೆ. ಸೀಳಿದ ಕೂದಲು ಪಕ್ಕದ ಕೂದಲಿಗೆ ಸಿಕ್ಕಿಕೊಂಡು ಸಿಕ್ಕು ಹೆಚ್ಚುತ್ತದೆ. ಸಿಕ್ಕು ಎಳೆದಾಗ ಇನ್ನಷ್ಟು ಮುರಿಯುತ್ತದೆ.

ಜೀವವಿಲ್ಲದ ಎಳೆ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳಲಾರದು. ಸೀರಮ್, ಕಂಡಿಷನರ್, ಎಣ್ಣೆ ಇವು ಸೀಳನ್ನು ಸ್ವಲ್ಪ ಹೊತ್ತು ಅಂಟಿಸಿ ನುಣುಪು ಕಾಣಿಸಬಹುದು. ಮುಂದಿನ ಸಲ ತಲೆ ತೊಳೆದಾಗ ಸೀಳು ಮತ್ತೆ ಅಲ್ಲೇ ಇರುತ್ತದೆ.

ಹಾಗಾದರೆ ಕತ್ತರಿಸಬಾರದೇ?

ಕತ್ತರಿಸಬೇಕು. ಉದ್ದೇಶ ಮಾತ್ರ ಬೇರೆ. ಸೀಳು ಮೇಲಕ್ಕೆ ಹತ್ತುವ ಮೊದಲು ಅದನ್ನು ತೆಗೆಯುವುದಕ್ಕೆ ಕತ್ತರಿ. ಲೆಕ್ಕ ಹೀಗೆ ಹಾಕಿ:

- ತಿಂಗಳಿಗೆ ಒಂದು ಇಂಚು (2.5 ಸೆಂ.ಮೀ.) ಕತ್ತರಿಸಿದರೆ, ಬೆಳೆದದ್ದು 1 ಸೆಂ.ಮೀ., ಹೋದದ್ದು ಎರಡೂವರೆ. ಜಡೆ ಪ್ರತಿ ತಿಂಗಳೂ ಗಿಡ್ಡವಾಗುತ್ತದೆ.
- ಮೂರು ತಿಂಗಳಿಗೊಮ್ಮೆ 1 ಸೆಂ.ಮೀ. ಕತ್ತರಿಸಿದರೆ, ವರ್ಷಕ್ಕೆ 8 ಸೆಂ.ಮೀ.ಗೆ ಕಡಿಮೆಯಿಲ್ಲದೆ ಉಳಿಯುತ್ತದೆ, ತುದಿಯೂ ಚೊಕ್ಕವಾಗಿರುತ್ತದೆ.
- ಕತ್ತರಿಸಲು ಮನಸ್ಸೇ ಬಾರದವರು, ಒಣಗಿದ ಕೂದಲನ್ನು ಬೆಳಕಿಗೆ ಹಿಡಿದು ಸೀಳಿದ ಕೂದಲನ್ನಷ್ಟೇ ಹುಡುಕಿ, ಸೀಳಿನಿಂದ ಅರ್ಧ ಸೆಂ.ಮೀ. ಮೇಲೆ ಕತ್ತರಿಸಬಹುದು.

ಕತ್ತರಿ ಚೂಪಾಗಿರಲಿ. ಹಾಲಿನ ಪ್ಯಾಕೆಟ್ ಕತ್ತರಿಸುವ ಮೊಂಡು ಕತ್ತರಿ ಕೂದಲನ್ನು ಜಜ್ಜುತ್ತದೆ, ಅಲ್ಲೇ ಹೊಸ ಸೀಳು ಶುರುವಾಗುತ್ತದೆ.

ಮುಡಿ ಕೊಟ್ಟ ಮೇಲೆ ಕೂದಲು ದಟ್ಟವಾಗಿ ಬರುತ್ತದೆಯೇ?

ಮುಳಬಾಗಿಲಿನಿಂದ ಪಲಮನೇರು, ಚಿತ್ತೂರು ದಾಟಿದರೆ ತಿರುಪತಿ. ಈ ಸೀಮೆಯಲ್ಲಿ ಮುಡಿ ಕೊಟ್ಟವರಿಲ್ಲದ ಮನೆ ಸಿಗುವುದು ಕಷ್ಟ. ಹರಕೆ ನಂಬಿಕೆಯ ವಿಷಯ, ಅದರ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಬೋಳಿಸಿದರೆ ದಟ್ಟವಾಗಿ ಬರುತ್ತದೆ ಎಂದು ಮಕ್ಕಳ ತಲೆಯನ್ನು ಮತ್ತೆ ಮತ್ತೆ ಬೋಳಿಸುವುದರಿಂದ ಕೂದಲಿನ ಸಂಖ್ಯೆ ಹೆಚ್ಚುವುದಿಲ್ಲ. ಅಮೆರಿಕದ ಅಂಗರಚನಾ ಶಾಸ್ತ್ರಜ್ಞೆ ಮಿಲ್ಡ್ರೆಡ್ ಟ್ರಾಟರ್ 1928ರಲ್ಲೇ ಗಂಡಸರ ಗಡ್ಡವನ್ನು ಅಳೆದು ನೋಡಿ, ಬೋಳಿಸುವುದರಿಂದ ಕೂದಲಿನ ದಪ್ಪವಾಗಲಿ ವೇಗವಾಗಲಿ ಬದಲಾಗುವುದಿಲ್ಲ ಎಂದು ತೋರಿಸಿದರು. ಬೋಳಿಸಿದ ಕೂದಲಿನ ತುದಿ ಮೊಂಡಾಗಿರುವುದರಿಂದ ಕೈಗೆ ಒರಟಾಗಿ ತಾಗುತ್ತದೆ. ಹಸುಗೂಸಿನ ನಯವಾದ ಕೂದಲು ವಯಸ್ಸಾದಂತೆ ತಾನಾಗಿಯೇ ದಪ್ಪವಾಗುತ್ತದೆ. ಎರಡೂ ಒಟ್ಟಿಗೆ ನಡೆಯುವುದರಿಂದ ಬೋಳಿಸಿದ್ದೇ ಕಾರಣ ಅನ್ನಿಸುತ್ತದೆ.

ಬೋರ್ ನೀರಿನ ಪಾಲು ಎಷ್ಟು?

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕುರುಡುಮಲೆ ಗಣಪನ ಊರಿನ ಆಸುಪಾಸಿನಿಂದ ಹಿಡಿದು ಮಾಲೂರಿನವರೆಗೆ ಜನ ನೆಚ್ಚಿಕೊಂಡಿರುವುದು ಬೋರ್‌ವೆಲ್ಲನ್ನೇ. ಸಾವಿರ ಅಡಿ ದಾಟಿದ ಬೋರ್‌ಗಳೂ ಇಲ್ಲಿ ಹೊಸದಲ್ಲ. ಬಂಡೆಗಳ ನಡುವೆ ಬಹುಕಾಲ ನಿಂತ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ಹಂಡೆಯ ಒಳಗೆ, ಗೀಸರ್ ಕಾಯಿಲ್ ಮೇಲೆ, ನಲ್ಲಿಯ ಬಾಯಲ್ಲಿ ಕೂರುವ ಬಿಳಿ ಪದರ ಅದೇ. ಇದನ್ನು ಗಡಸು ನೀರು ಎನ್ನುತ್ತೇವೆ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಒಪ್ಪುತ್ತಾರೆ.

ಇದರಿಂದ ಕೂದಲು ಹಾಳಾಗುತ್ತದೆಯೇ? ಸಂಶೋಧನೆಗಳು ಒಂದೇ ಮಾತು ಹೇಳುವುದಿಲ್ಲ. ಕೊಯಮತ್ತೂರಿನ ವೈದ್ಯರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 15 ಹೆಂಗಸರ ಕೂದಲನ್ನು ಒಂದು ತಿಂಗಳು ದಿನವೂ ಹತ್ತು ನಿಮಿಷ ಗಡಸು ನೀರಿನಲ್ಲಿ ನೆನೆಸಿದರು. ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಸಿದ ಕೂದಲಿಗೆ ಹೋಲಿಸಿದರೆ ಗಟ್ಟಿತನದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. 2018ರಲ್ಲಿ ಪಾಕಿಸ್ತಾನದ ಸಂಶೋಧಕರು 70 ಗಂಡಸರ ಕೂದಲನ್ನು ಪರೀಕ್ಷಿಸಿದಾಗ ಗಡಸು ನೀರಿನಿಂದ ಗಟ್ಟಿತನ ಕಡಿಮೆಯಾಗಿತ್ತು. ಎರಡೂ ಸಣ್ಣ ಅಧ್ಯಯನಗಳು, ಎರಡೂ ಕತ್ತರಿಸಿದ ಕೂದಲಿನ ಮೇಲೆ ನಡೆದವು. ಹಾಗಾಗಿ ಬೋರ್ ನೀರಿನಿಂದ ತಲೆ ಬೋಳಾಗುತ್ತದೆ ಎನ್ನಲು ಇವುಗಳಲ್ಲಿ ಆಧಾರವಿಲ್ಲ.

ಆದರೂ ಬೋರ್ ನೀರಿನಲ್ಲಿ ತೊಳೆದ ಕೂದಲು ಒರಟಾಗುವುದು ನಿಮ್ಮ ಭ್ರಮೆಯಲ್ಲ. ಸಾಬೂನು ಗಡಸು ನೀರಿಗೆ ಸೇರಿದರೆ ನೊರೆಯ ಬದಲು ಬಿಳಿ ಜಿಗುಟು ಆಗುತ್ತದೆ. ಅದು ಕೂದಲ ಮೇಲೆ ಕೂತು ಸಿಕ್ಕು ಹೆಚ್ಚಿಸುತ್ತದೆ. ಮೇಲಾಗಿ ಸಾಬೂನು ಕ್ಷಾರ. ಕ್ಷಾರದಲ್ಲಿ ಕೂದಲಿನ ಚಿಪ್ಪುಗಳು ಏಳುತ್ತವೆ. ಹಾಗಾಗಿ ಈ ಸೀಮೆಯಲ್ಲಿ ತಲೆಗೆ ಮೈಸೋಪು ಹಾಕದಿರುವುದೇ ಮೊದಲ ಕ್ರಮ. ಶಾಂಪೂ ಈ ಜಿಗುಟನ್ನು ಮಾಡುವುದಿಲ್ಲ. ಸೀಗೆಕಾಯಿ ಕ್ಷಾರವಲ್ಲ, ಅದನ್ನೂ ಬಳಸಬಹುದು. ಪುಡಿ ನುಣ್ಣಗಿರಲಿ, ತರಿತರಿಯಾದದ್ದನ್ನು ತುದಿಗೆ ಉಜ್ಜಬೇಡಿ.

ಪಟಿಕ, ಕುದಿಸಿದ ನೀರು, ಫಿಲ್ಟರ್ ನೀರು

ಪಟಿಕ ನೀರಿನ ಬಗ್ಗಡವನ್ನು ತಳಕ್ಕೆ ಇಳಿಸುತ್ತದೆ. ಕರಗಿರುವ ಲವಣವನ್ನು ತೆಗೆಯುವುದಿಲ್ಲ. ಕುದಿಸಿದರೆ ಗಡಸುತನದ ಒಂದು ಭಾಗ ಮಾತ್ರ ಹೋಗುತ್ತದೆ.

ಇಡೀ ತಲೆಸ್ನಾನಕ್ಕೆ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುವ ಅಗತ್ಯವಿಲ್ಲ. ಬೋರ್ ನೀರಿನಲ್ಲೇ ತೊಳೆದು, ಕೊನೆಗೆ ಎರಡು ಚೊಂಬು ಮಳೆನೀರು ಅಥವಾ ಫಿಲ್ಟರ್ ನೀರನ್ನು ತುದಿಯ ಮೇಲೆ ಸುರಿದುಕೊಂಡರೆ ಸಾಕು. ಮಳೆನೀರಿನಷ್ಟು ಮೆದು ನೀರು ಬೇರೆ ಇಲ್ಲ, ಅದಕ್ಕೆ ದುಡ್ಡೂ ಬೇಡ.

ಇಲ್ಲಿ ಇನ್ನೊಂದು ಮಾತು ಸೇರಿಸಲೇಬೇಕು. ಜಿಲ್ಲೆಯ ಹಲವು ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್ ಕೂಡ ಮಿತಿ ಮೀರಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಲೆಯಾಗುತ್ತದೆ, ಇನ್ನೂ ಹೆಚ್ಚಾದರೆ ಮೂಳೆ ಕೆಡುತ್ತದೆ. ಅದು ಕುಡಿಯುವ, ಅಡುಗೆಯ ನೀರಿನ ಪ್ರಶ್ನೆ. ಮನೆಯಲ್ಲಿ ಇರುವುದು ಒಂದೇ ಕ್ಯಾನ್ ಆದರೆ ಅದು ಮಕ್ಕಳ ಲೋಟಕ್ಕೆ ಹೋಗಲಿ, ಜಡೆಗೆ ಬೋರ್ ನೀರೇ ಸಾಕು.

ಎಣ್ಣೆ ಏನು ಮಾಡುತ್ತದೆ?

ಎಣ್ಣೆಯಿಂದ ಕೂದಲು ಬೆಳೆಯುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಆದರೆ ಸವೆತ ತಡೆಯುವುದರಲ್ಲಿ ಕೊಬ್ಬರಿ ಎಣ್ಣೆಗೆ ಒಳ್ಳೆಯ ಹೆಸರಿದೆ. 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೊಬ್ಬರಿ, ಸೂರ್ಯಕಾಂತಿ, ಖನಿಜ ಎಣ್ಣೆಗಳನ್ನು ಹೋಲಿಸಿದಾಗ, ತೊಳೆಯುವಾಗ ಕೂದಲಿನಿಂದ ಪ್ರೋಟೀನ್ ಸೋರಿಹೋಗುವುದನ್ನು ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅದು ಕೂದಲೊಳಗೆ ಇಳಿಯುತ್ತದೆ, ನೀರು ಹೀರಿ ಊದುವುದನ್ನು ತಗ್ಗಿಸುತ್ತದೆ. ಈ ಅಧ್ಯಯನ ನಡೆಸಿದ್ದು ಕೊಬ್ಬರಿ ಎಣ್ಣೆ ಮಾರುವ ಮಾರಿಕೊ ಕಂಪನಿಯ ಸಂಶೋಧಕರೇ ಎಂಬುದನ್ನೂ ನೆನಪಿನಲ್ಲಿಡಿ.

ತಲೆ ತೊಳೆಯುವ ಒಂದೆರಡು ಗಂಟೆ ಮೊದಲು ಒಂದು ಚಮಚ ಎಣ್ಣೆಯನ್ನು ಜಡೆಯ ಕೆಳ ಅರ್ಧಕ್ಕೆ ಹಚ್ಚಿ. ನೆತ್ತಿಯ ಜಿಡ್ಡು ತುದಿಯವರೆಗೆ ಇಳಿಯುವುದಿಲ್ಲ, ಗುಂಗುರು ಕೂದಲಿನಲ್ಲಂತೂ ಇಳಿಯುವುದೇ ಇಲ್ಲ. ಹಾಗಾಗಿ ಎಣ್ಣೆ ಬೇಕಾಗಿರುವುದು ತುದಿಗೆ. ಹರಳೆಣ್ಣೆ ತುಂಬಾ ಮಂದ, ಎಚ್ಚರವಿರಲಿ. ಹರಳೆಣ್ಣೆ ಮತ್ತು ಕೊಬ್ಬರಿ ಎಣ್ಣೆ ಬೆರೆಸಿ ಹಚ್ಚಿ ತೊಳೆದ ಯುವತಿಯೊಬ್ಬಳ ಉದ್ದ ಕೂದಲು ಬಿಡಿಸಲಾಗದ ಗಂಟಾಗಿ, ಕೊನೆಗೆ ಕತ್ತರಿಸಬೇಕಾಗಿ ಬಂದದ್ದನ್ನು ನಮ್ಮ ದೇಶದ ವೈದ್ಯರು 2017ರಲ್ಲಿ ವರದಿ ಮಾಡಿದ್ದಾರೆ.

ತುದಿ ಉಳಿಸುವ ದಿನನಿತ್ಯದ ಕ್ರಮ

- ಒದ್ದೆ ಕೂದಲು ಹೆಚ್ಚು ಹಿಗ್ಗುತ್ತದೆ, ಬೇಗ ಮುರಿಯುತ್ತದೆ. ಮುಕ್ಕಾಲು ಪಾಲು ಒಣಗಿದ ಮೇಲೆ ಬಾಚಿ. ಗುಂಗುರು ಕೂದಲಾದರೆ ಕಂಡಿಷನರ್ ಇರುವಾಗಲೇ ಬೆರಳಲ್ಲಿ ಅಥವಾ ಅಗಲ ಹಲ್ಲಿನ ಬಾಚಣಿಗೆಯಲ್ಲಿ ಸಿಕ್ಕು ಬಿಡಿಸಿ.
- ಸಿಕ್ಕು ಬಿಡಿಸುವುದನ್ನು ತುದಿಯಿಂದ ಶುರುಮಾಡಿ ಮೇಲಕ್ಕೆ ಹೋಗಿ. ನೆತ್ತಿಯಿಂದ ಒಂದೇ ಸಲ ಎಳೆಯಬೇಡಿ.
- ಶಾಂಪೂ ನೆತ್ತಿಗೆ, ಕಂಡಿಷನರ್ ತುದಿಗೆ.
- ಟವೆಲ್ಲಿನಲ್ಲಿ ಬಡಿದು ಒಣಗಿಸುವ ಅಭ್ಯಾಸ ಬಿಡಿ. ಹಳೆಯ ಹತ್ತಿ ಪಂಚೆಯಲ್ಲಿ ಒತ್ತಿ ನೀರು ತೆಗೆಯಿರಿ.
- ಟೊಮೆಟೊ ತೋಟಕ್ಕೆ, ಹೊಲಕ್ಕೆ ಹೋಗುವಾಗ ಜಡೆ ಹೆಣೆದು ಸೆರಗು ಅಥವಾ ಟವೆಲ್ ಹೊದಿಸಿ. ಬಿಸಿಲು ಕೂದಲಿನ ಪ್ರೋಟೀನನ್ನು ಕೆಡಿಸುತ್ತದೆ.
- ಬರಿ ರಬ್ಬರ್ ಬ್ಯಾಂಡ್ ಬೇಡ. ಬಟ್ಟೆ ಸುತ್ತಿದ ಬ್ಯಾಂಡ್ ಹಾಕಿ, ದಿನವೂ ಒಂದೇ ಜಾಗದಲ್ಲಿ ಬಿಗಿಯಬೇಡಿ.
- ಒದ್ದೆ ಕೂದಲಿಗೆ ಸ್ಟ್ರೈಟ್ನರ್ ಇಡಲೇಬೇಡಿ. ಒಳಗಿನ ನೀರು ಆವಿಯಾಗಿ ಕೂದಲಿನಲ್ಲಿ ಗುಳ್ಳೆ ಏಳುತ್ತದೆ, ಅಲ್ಲೇ ಮುರಿಯುತ್ತದೆ.
- ಪಾರ್ಲರಿನಲ್ಲಿ ನೇರಗೊಳಿಸುವ ಚಿಕಿತ್ಸೆಗೆ ಮೊದಲು ಅದರಲ್ಲಿ ಫಾರ್ಮಾಲ್ಡಿಹೈಡ್ ಇದೆಯೇ ಎಂದು ಕೇಳಿ. ಅದು ಕ್ಯಾನ್ಸರ್‌ಕಾರಕ ಎಂದು ಸಾಬೀತಾಗಿರುವ ರಾಸಾಯನಿಕ.

ತುದಿಯ ತೊಂದರೆಯೋ, ಬುಡದ ತೊಂದರೆಯೋ?

ಬಾಚಣಿಗೆಗೆ ಬಂದ ಕೂದಲನ್ನು ಬಿಳಿ ಕಾಗದದ ಮೇಲೆ ಹರಡಿ ನೋಡಿ. ಒಂದು ತುದಿಯಲ್ಲಿ ಸಣ್ಣ ಬಿಳಿ ಗಂಟು ಇದ್ದರೆ ಅದು ಬುಡದಿಂದ ಉದುರಿದ್ದು. ಗಂಟಿಲ್ಲದ, ಗಿಡ್ಡ ತುಂಡುಗಳು ಹೆಚ್ಚಿದ್ದರೆ ಅವು ಮುರಿದವು. ಮುರಿದದ್ದಕ್ಕೆ ಮೇಲಿನ ಕ್ರಮಗಳು ಕೆಲಸ ಮಾಡುತ್ತವೆ.

ದಿನಕ್ಕೆ 50ರಿಂದ 100 ಕೂದಲು ಬುಡದಿಂದ ಉದುರುವುದು ಸಹಜ. ಹೆರಿಗೆ, ಡೆಂಗಿ, ಟೈಫಾಯಿಡ್ ಆದ ಎರಡು ಮೂರು ತಿಂಗಳ ಮೇಲೆ ಇನ್ನೂ ಹೆಚ್ಚು ಉದುರಬಹುದು. ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಅದು ನಿಲ್ಲುತ್ತದೆ. ಅದಕ್ಕೂ ಮೀರಿ ಉದುರುತ್ತಿದ್ದರೆ, ಜೊತೆಗೆ ಸುಸ್ತು, ಏದುಸಿರು, ಮುಟ್ಟಿನ ಏರುಪೇರು ಇದ್ದರೆ ನೀರನ್ನು ಬೈಯುತ್ತ ಕೂರಬೇಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ಕಬ್ಬಿಣದ ಕೊರತೆ, ಥೈರಾಯ್ಡ್ ತೊಂದರೆ ಎರಡರಲ್ಲೂ ಕೂದಲು ಬುಡದಿಂದ ಉದುರಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.

ಬಯೋಟಿನ್ ಮಾತ್ರೆಗಳನ್ನು ನೀವೇ ತೆಗೆದುಕೊಳ್ಳಬೇಡಿ. ಕೊರತೆ ಇಲ್ಲದವರಿಗೆ ಅದರಿಂದ ಲಾಭ ಎಂದು ಸಾಬೀತಾಗಿಲ್ಲ. ಹೆಚ್ಚು ಬಯೋಟಿನ್ ಸೇವಿಸಿದರೆ ಹೃದಯಾಘಾತ ಪತ್ತೆಯ ರಕ್ತಪರೀಕ್ಷೆಯೂ ತಪ್ಪು ಫಲಿತಾಂಶ ತೋರಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಎಚ್ಚರಿಸಿದೆ.

ನಮ್ಮ ತೀರ್ಮಾನ

ತುದಿ ಕತ್ತರಿಸಿದರೆ ಬೇಗ ಬೆಳೆಯುತ್ತದೆ: ಸುಳ್ಳು.
ಕವಲೊಡೆದ ತುದಿ ಎಣ್ಣೆಯಿಂದ ಕೂಡಿಕೊಳ್ಳುತ್ತದೆ: ಸುಳ್ಳು.
ಪಟಿಕದಿಂದ ಬೋರ್ ನೀರು ಮೆದುವಾಗುತ್ತದೆ: ಸುಳ್ಳು.
ಬೋರ್ ನೀರಿನಿಂದ ಕೂದಲು ಒರಟಾಗುತ್ತದೆ: ನಿಜ. ತಲೆ ಬೋಳಾಗುತ್ತದೆ: ಆಧಾರವಿಲ್ಲ.

ನಿಮ್ಮ ಮನೆಯ ಗ್ರೂಪಿನಲ್ಲಿ ಪಟಿಕದ ಸಂದೇಶ ಬಂದರೆ ಉತ್ತರವಾಗಿ ಇದನ್ನು ಕಳಿಸಿ. ಕೂದಲು ಉದುರುತ್ತಿದೆ, ಮೈಯಲ್ಲಿ ಶಕ್ತಿಯೇ ಇಲ್ಲ ಎನ್ನುವ ಅಕ್ಕನೋ ಅತ್ತಿಗೆಯೋ ಆ ಗ್ರೂಪಿನಲ್ಲಿದ್ದರೆ, ಮೊದಲು ರಕ್ತಪರೀಕ್ಷೆ ಮಾಡಿಸಿಕೊಳ್ಳಲು ಹೇಳಿ.