ಸೋತವರ ಓಟು

ಮತಯಂತ್ರಗಳು ಇನ್ನೂ ಬಂದಿರದ ಕಾಲ. ನಾನು ಆಗ ಹೊಸದಾಗಿ ಕೆಲಸಕ್ಕೆ ಸೇರಿದ ಉಪನ್ಯಾಸಕ. ನಮ್ಮ ಸೀಮೆಯ ಒಂದು ಪಟ್ಟಣದ ಪುರಸಭೆ ಚುನಾವಣೆಯಲ್ಲಿ ನನ್ನನ್ನು ಎಣಿಕೆಯ ಕೆಲಸಕ್ಕೆ ಹಾಕಿದ್ದರು. ಪೆಟ್ಟಿಗೆಯನ್ನು ಮೇಜಿನ ಮೇಲೆ ಬೋರಲು ಹಾಕುವುದು, ಮಡಿಕೆ ಬಿಡಿಸುವುದು, ಗುರುತುಗಳ ಪ್ರಕಾರ ಬೇರೆಬೇರೆ ಮಾಡಿ ಕಟ್ಟು ಕಟ್ಟುವುದು. ಮಧ್ಯಾಹ್ನದ ಹೊತ್ತಿಗೆ ಒಂದು ವಾರ್ಡಿನ ಫಲಿತಾಂಶ ಗೊತ್ತಾಯಿತು. ನಾಲ್ವರು ನಿಂತಿದ್ದರು. ಗೆದ್ದವನು ಕೇವಲ ಕೆಲವೇ ಓಟುಗಳಿಂದ ಗೆದ್ದಿದ್ದ. ಎರಡನೆಯವರಾಗಿ ಸೋತವರು ಕಿರಾಣಿ ಅಂಗಡಿಯ ವೃದ್ಧರು. ಹೊರಗೆ ಪಟಾಕಿಯ ಸದ್ದು ಎದ್ದಾಗ ಅವರು ನನ್ನ ಮೇಜಿನ ಬಳಿ ಬಂದು, ತಮ್ಮ ಗುರುತಿನ ಕಟ್ಟುಗಳನ್ನೇ ನೋಡುತ್ತ, "ಮೇಷ್ಟ್ರೇ, ಇವನ್ನ ಈಗ ಏನ್ ಮಾಡ್ತೀರಿ?" ಎಂದು ಕೇಳಿದರು. "ಚೀಲಕ್ಕೆ ಹಾಕಿ ಅರಗಿನ ಮೊಹರು ಮಾಡಿ ಇಡ್ತೀವಿ, ಯಜಮಾನ್ರೇ" ಎಂದೆ. "ಅಲ್ರೀ, ಇಷ್ಟು ಮಂದಿ ನನಗ ಹಾಕ್ಯಾರ. ಆ ಮೂರನೇಯವನಿಗೆ, ನಾಲ್ಕನೇಯವನಿಗೆ ಹಾಕಿದವರನ್ನೂ ಕೂಡಿಸಿದರ ಗೆದ್ದವನಿಗೆ ಬಿದ್ದದ್ದಕ್ಕಿಂತ ಹೆಚ್ಚಾತು. ಅಷ್ಟೂ ಚೀಲಕ್ಕೇನು?" ಎಂದರು. ನಾನು ಕಾನೂನು ಹೇಳಿದೆ. ಕಾನೂನು ಹೇಳುವುದು ಸುಲಭ. ಅವರು ಕೇಳಿದ್ದು ಕಾನೂನನ್ನಲ್ಲ.

ಕೇಳುಗರೇ, ಈ ಪ್ರಶ್ನೆ ನನಗೆ ಮತ್ತೆ ನೆನಪಾದದ್ದು 2021ರ ಕೊನೆಯಲ್ಲಿ. ಆ ವರ್ಷದ ಡಿಸೆಂಬರ್ 27ರಂದು ಹೊಸಪೇಟೆಯ ನಗರಸಭೆಗೆ ಮತದಾನ ನಡೆದು 30ರಂದು ಎಣಿಕೆಯಾಯಿತು. ಯಂತ್ರಗಳ ಕಾಲವಾದ್ದರಿಂದ ಎಲ್ಲವೂ ಬೇಗನೆ ಮುಗಿಯಿತು. ಒಟ್ಟು 35 ವಾರ್ಡುಗಳು. ಕಾಂಗ್ರೆಸ್ಸಿಗೆ 12, ಭಾರತೀಯ ಜನತಾ ಪಕ್ಷಕ್ಕೆ 10, ಆಮ್ ಆದ್ಮಿ ಪಕ್ಷಕ್ಕೆ 1, ಪಕ್ಷೇತರರಿಗೆ 12. ಅಂದರೆ ಅತಿ ದೊಡ್ಡ ಪಕ್ಷಕ್ಕೆ ಸಿಕ್ಕಷ್ಟೇ ಸ್ಥಾನಗಳು ಯಾವ ಪಕ್ಷಕ್ಕೂ ಸೇರದವರಿಗೆ ಸಿಕ್ಕಿದವು. ಅರ್ಧಕ್ಕಿಂತ ಒಂದು ಹೆಚ್ಚು ಎಂದರೆ 18. ಅದು ಯಾರ ಬಳಿಯೂ ಇರಲಿಲ್ಲ. ಮೇಲಾಗಿ ನಮ್ಮ ಪುರಸಭೆಗಳ ಕಾನೂನಿನ ಪ್ರಕಾರ ಆ ಕ್ಷೇತ್ರದ ಶಾಸಕರೂ ಸಂಸದರೂ ಸಭೆಯಲ್ಲಿ ಕುಳಿತು ಅಧ್ಯಕ್ಷರ ಆಯ್ಕೆಗೆ ಮತ ಹಾಕಬಹುದು. ಆದ್ದರಿಂದ ಊರಿನ ಜನ ಮತ ಹಾಕಿ ಮನೆಗೆ ಹೋದ ಮೇಲೆ ನಿಜವಾದ ಎಣಿಕೆ ಆರಂಭವಾಗುತ್ತದೆ. ಪಕ್ಷೇತರರು ಗೆದ್ದದ್ದನ್ನು ಜನರ ಸ್ವಾತಂತ್ರ್ಯಪ್ರೀತಿ ಎಂದು ಕೆಲವರು ಹೊಗಳಿದರು. ಅದರಲ್ಲಿ ಒಂದಿಷ್ಟು ನಿಜವಿದೆ. ಆದರೆ ನಮ್ಮಲ್ಲಿ ಪಕ್ಷೇತರನೆಂದರೆ ಅನೇಕ ಸಲ ಪಕ್ಷದ ಟಿಕೆಟ್ಟು ಸಿಗದೆ ಮುನಿಸಿಕೊಂಡು ನಿಂತವನು ಎಂಬುದನ್ನೂ ಮರೆಯಬಾರದು.

ಊರಿನ ಆಡಳಿತವನ್ನು ಊರಿನವರು ಆರಿಸುವುದು ಎಂಬ ಈ ವ್ಯವಸ್ಥೆ ನಮ್ಮಲ್ಲಿಗೆ ಹೇಗೆ ಬಂತು? ಹೊಸಪೇಟೆಯಂಥ ಊರಿನಲ್ಲಿ ಇದನ್ನು ಕೇಳುವುದು ಉಚಿತ. ಏಕೆಂದರೆ ಈ ಊರು ಹುಟ್ಟಿದ್ದೇ ಕೃಷ್ಣದೇವರಾಯನ ಆಜ್ಞೆಯಿಂದ. ಪೋರ್ಚುಗೀಸ್ ಬರಹಗಾರ ನೂನಿಜ್, ರಾಜಧಾನಿಗೆ ಸರಕು ಬರುವ ಬಾಗಿಲೊಂದನ್ನು ವರ್ಷಕ್ಕೆ 12,000 ಪರ್ದಾವುಗಳಿಗೆ ಗುತ್ತಿಗೆ ಕೊಡುತ್ತಿದ್ದರೆಂದು ಬರೆದಿದ್ದಾನೆ. ಸುಂಕವಿತ್ತು, ಗುತ್ತಿಗೆದಾರನಿದ್ದ, ಆದರೆ ಅದನ್ನು ಕೊಡುವವನಿಗೆ ಅದರ ಬಗ್ಗೆ ಮಾತಿರಲಿಲ್ಲ. ಕನ್ನಡ ಶಾಸನಗಳಲ್ಲಿ ಅಗ್ರಹಾರದ ಮಹಾಜನರೂ ವರ್ತಕರ ನಗರಸಭೆಗಳೂ ಪಟ್ಟಣಸ್ವಾಮಿಗಳೂ ಬರುತ್ತಾರೆ. ತಮಿಳು ನಾಡಿನ ಉತ್ತರಮೇರೂರಿನ ಹತ್ತನೆಯ ಶತಮಾನದ ಶಾಸನಗಳಲ್ಲಿ ಅರ್ಹರ ಹೆಸರುಗಳನ್ನು ಓಲೆಗಳಲ್ಲಿ ಬರೆದು ಕೊಡದಲ್ಲಿ ಹಾಕಿ ಚೀಟಿಯೆತ್ತುವ ಕ್ರಮವೇ ವರ್ಣಿತವಾಗಿದೆ. ಇವನ್ನೆಲ್ಲ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಬೇಕು ಕೂಡ. ಆದರೆ ಆ ಕೊಡದಲ್ಲಿ ಹೆಸರು ಹಾಕಿಸಿಕೊಳ್ಳಲು ಭೂಮಿ ಬೇಕಿತ್ತು, ಸ್ವಂತ ಮನೆ ಬೇಕಿತ್ತು, ವಿದ್ಯೆ ಬೇಕಿತ್ತು. ಬೀದಿಯಲ್ಲಿ ಸೊಪ್ಪು ಮಾರುವವಳ ಹೆಸರು ಅಲ್ಲಿಗೆ ಬರುವಂತಿರಲಿಲ್ಲ.

ಇನ್ನು ನಮ್ಮ ಸೀಮೆಯ ಚರಿತ್ರೆಯಲ್ಲಿ ನನಗೆ ಬಹಳ ಕುತೂಹಲ ಹುಟ್ಟಿಸುವ ಒಬ್ಬ ವ್ಯಕ್ತಿ ಥಾಮಸ್ ಮನ್ರೋ. 1761ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ವರ್ತಕನೊಬ್ಬನ ಮನೆಯಲ್ಲಿ ಹುಟ್ಟಿದವನು. 1800ರಲ್ಲಿ ನಿಜಾಮನು ಬಳ್ಳಾರಿ, ಕಡಪ ಮೊದಲಾದ ಪ್ರದೇಶಗಳನ್ನು ಕಂಪನಿಗೆ ಬಿಟ್ಟುಕೊಟ್ಟಾಗ ಇಲ್ಲಿನ ಪ್ರಧಾನ ಕಲೆಕ್ಟರಾಗಿ ಬಂದು 1807ರವರೆಗೆ ಊರೂರು ತಿರುಗಿ ಕಂದಾಯ ಗೊತ್ತುಮಾಡಿದ. ಮದರಾಸಿನ ಗವರ್ನರಾಗಿದ್ದಾಗಲೇ, 1827ರಲ್ಲಿ, ಪತ್ತಿಕೊಂಡದಲ್ಲಿ ಕಾಲರಾ ತಗಲಿ ತೀರಿಕೊಂಡ. ಊರಿನ ನ್ಯಾಯ ಊರಿನಲ್ಲೇ ತೀರಬೇಕು ಎಂಬುದು ಅವನ ಹಟ. ಅವನ ಪ್ರಯತ್ನದಿಂದ 1816ರಲ್ಲಿ ಮದರಾಸು ಸರ್ಕಾರ ಹೊಸ ನಿಬಂಧನೆಗಳನ್ನು ತಂದಿತು. ಊರಿನ ಮುಖ್ಯಸ್ಥನೇ ಮುನ್ಸೀಫನಾಗಿ 10 ರೂಪಾಯಿಯವರೆಗಿನ ವ್ಯಾಜ್ಯ ತೀರಿಸಬಹುದು. ಎರಡು ಕಡೆಯವರೂ ಒಪ್ಪಿದರೆ ಪಂಚಾಯಿತಿ ಎಷ್ಟು ದೊಡ್ಡ ವ್ಯಾಜ್ಯವನ್ನಾದರೂ ನೋಡಬಹುದು. ಆದರೆ ಜನ ಪಂಚಾಯಿತಿಯ ಬಳಿಗೆ ಅಷ್ಟಾಗಿ ಹೋಗಲಿಲ್ಲ. ಮೇಲಿನಿಂದ ಆಜ್ಞೆಯ ರೂಪದಲ್ಲಿ ಬಂದ ಪಂಚಾಯಿತಿ ಹಳೆಯ ಪಂಚಾಯಿತಿಯಾಗಿರಲಿಲ್ಲ, ಹೊಸ ಕೋರ್ಟೂ ಆಗಿರಲಿಲ್ಲ.

ಇಲ್ಲೊಂದು ವಿನೋದವಿದೆ. ಬಳ್ಳಾರಿಯ ರೈತನಿಗೆ ಪಂಚಾಯಿತಿ ಬೇಕೆಂದು ವಾದಿಸಿದ ಈ ಮನುಷ್ಯನ ಸ್ವಂತ ಊರಿನಲ್ಲಿ ಆಗ ಊರವರು ಆರಿಸಿದ ಪೌರಸಭೆಯೇ ಇರಲಿಲ್ಲ. 1469ರ ಒಂದು ಶಾಸನದ ಪ್ರಕಾರ ಸ್ಕಾಟ್ಲೆಂಡಿನ ಪಟ್ಟಣಗಳಲ್ಲಿ ಹಳೆಯ ಸಭೆಯೇ ಹೊಸ ಸಭೆಯನ್ನು ಆರಿಸುತ್ತಿತ್ತು. ಹೋಗುವವರು ಬರುವವರ ಹೆಸರು ಬರೆಯುತ್ತಿದ್ದರು. ಬರುವವರು ಸಾಮಾನ್ಯವಾಗಿ ಅವರೇ, ಇಲ್ಲವೆ ಅವರ ಬೀಗರು. ಮುನ್ನೂರ ಅರವತ್ತು ವರ್ಷಗಳಿಗೂ ಹೆಚ್ಚು ಕಾಲ ಇದೇ ನಡೆಯಿತು. 1833ರಲ್ಲಿ, ಮನ್ರೋ ಸತ್ತು ಆರು ವರ್ಷಗಳಾದ ಮೇಲೆ, ನಿರ್ದಿಷ್ಟ ಬೆಲೆಯ ಮನೆಯುಳ್ಳವರಿಗೆ ಮತ ಹಾಕುವ ಹಕ್ಕು ಬಂತು. ನಮ್ಮಲ್ಲಿಗೆ ಆ ಗಾಳಿ ಬೀಸಿದ್ದು ಮತ್ತೆ ಐವತ್ತು ವರ್ಷ ತಡವಾಗಿ. 1882ರ ಮೇ ತಿಂಗಳಲ್ಲಿ ರಿಪ್ಪನ್ ಪ್ರಭುವಿನ ನಿರ್ಣಯ. 1884ರಲ್ಲಿ ಮದರಾಸು ಪ್ರಾಂತದ ಪುರಸಭೆಗಳ ಕಾನೂನು ಮತ್ತು ಲೋಕಲ್ ಬೋರ್ಡುಗಳ ಕಾನೂನು. ಆಗಲೂ ತೆರಿಗೆ ಕೊಡುವವರಿಗೆ ಮಾತ್ರ ಮತ. ಪಕ್ಕದ ಸಂಡೂರು ಘೋರ್ಪಡೆ ಮನೆತನದ ಸಂಸ್ಥಾನವಾಗಿದ್ದುದರಿಂದ ಈ ಕಾನೂನುಗಳು ಅಲ್ಲಿಗೆ ಅನ್ವಯಿಸಲಿಲ್ಲ. ಮುಂದೆ 1949ರಲ್ಲಿ ಸಂಡೂರು ಮದರಾಸಿಗೆ ಸೇರಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಬಂತು. 1959ರ ಮೈಸೂರು ಗ್ರಾಮ ಪಂಚಾಯಿತಿ ಕಾನೂನು, 1964ರ ಮೈಸೂರು ಪುರಸಭೆಗಳ ಕಾನೂನು ನಮಗೂ ಅನ್ವಯಿಸಿದವು. ಸಂವಿಧಾನ ಬಂದ ಮೇಲೆ ತೆರಿಗೆಯ ರಸೀದಿ ಕೇಳುವವರಿಲ್ಲ.

ಮತ ಎಲ್ಲರಿಗೂ ಸಿಕ್ಕಿತು, ಸರಿ. ಆದರೆ ಕಿರಾಣಿ ಅಂಗಡಿಯ ಯಜಮಾನರ ಪ್ರಶ್ನೆ ಉಳಿದೇ ಇತ್ತು. ಅದಕ್ಕೆ ಒಂದು ಉತ್ತರವನ್ನು ಹುಡುಕಿದ್ದು ಮನ್ರೋನ ನಾಡು ಎಂಬುದು ನನಗೆ ತೀರ ಈಚೆಗೆ ತಿಳಿಯಿತು. ಸ್ಕಾಟ್ಲೆಂಡಿನಲ್ಲಿ 32 ಸ್ಥಳೀಯ ಕೌನ್ಸಿಲುಗಳಿವೆ. 2004ರಲ್ಲಿ ಅಲ್ಲಿನ ಪಾರ್ಲಿಮೆಂಟು ಮಾಡಿದ ಕಾನೂನಿನಂತೆ 2007ರಿಂದ ಮತ ಹಾಕುವ ರೀತಿಯೇ ಬದಲಾಯಿತು. ವಾರ್ಡಿಗೆ ಒಬ್ಬನಲ್ಲ, ಸಾಮಾನ್ಯವಾಗಿ ಮೂವರು ಅಥವಾ ನಾಲ್ವರು ಸದಸ್ಯರು. ಮತದಾರ ಒಂದೇ ಗುರುತು ಹಾಕುವುದಿಲ್ಲ; ತನಗೆ ಬೇಕಾದವರ ಹೆಸರಿನ ಮುಂದೆ 1, 2, 3 ಎಂದು ಬರೆಯುತ್ತಾನೆ. ನಾಲ್ಕು ಸ್ಥಾನಗಳಿದ್ದರೆ ಒಟ್ಟು ಓಟಿನ ಐದರಲ್ಲೊಂದು ಪಾಲಿಗಿಂತ ಸ್ವಲ್ಪ ಹೆಚ್ಚು ಪಡೆದವನು ಗೆದ್ದಂತೆ. ಅವನಿಗೆ ಅಗತ್ಯಕ್ಕಿಂತ ಹೆಚ್ಚಾಗಿ ಬಿದ್ದದ್ದು ಎರಡನೆಯ ಆಯ್ಕೆಯವನಿಗೆ ಹೋಗುತ್ತದೆ. ತೀರ ಕಡಿಮೆ ಬಿದ್ದವನನ್ನು ಕೈಬಿಟ್ಟಾಗ ಅವನ ಓಟುಗಳು ಚೀಲಕ್ಕೆ ಹೋಗುವುದಿಲ್ಲ. ಅವುಗಳ ಮೇಲೆ ಬರೆದ ಮುಂದಿನ ಹೆಸರಿನ ಬಳಿಗೆ ಹೋಗುತ್ತವೆ. ಎಣಿಕೆಯ ಮೇಜಿನ ಮೇಲೆ ಕಟ್ಟನ್ನು ಬಿಚ್ಚಿ ಮತ್ತೆ ಹಂಚುವ ಆ ದೃಶ್ಯವನ್ನು ನಾನು ಕಲ್ಪಿಸಿಕೊಳ್ಳುತ್ತೇನೆ. (ಈಗ ಅಲ್ಲಿ ಅದನ್ನೂ ಯಂತ್ರವೇ ಮಾಡುತ್ತದೆಯಂತೆ, ಇರಲಿ.)

ಫಲಿತಾಂಶ ಏನಾಯಿತು? 2007ರಲ್ಲಿ 32 ಕೌನ್ಸಿಲುಗಳ ಪೈಕಿ 27ರಲ್ಲಿ ಯಾರಿಗೂ ಬಹುಮತ ಬರಲಿಲ್ಲ. 2022ರ ಮೇ 5ರ ಚುನಾವಣೆಯಲ್ಲಿ ಒಟ್ಟು 1,226 ಸ್ಥಾನಗಳಲ್ಲಿ ಸ್ಕಾಟಿಷ್ ನ್ಯಾಷನಲ್ ಪಕ್ಷಕ್ಕೆ 453, ಲೇಬರ್ ಪಕ್ಷಕ್ಕೆ 282, ಕನ್ಸರ್ವೇಟಿವರಿಗೆ 214 ಸಿಕ್ಕಿದವು. ಒಂದೇ ಪಕ್ಷಕ್ಕೆ ಪೂರ್ಣ ಬಹುಮತ ಬಂದದ್ದು ಎರಡೇ ಕಡೆ, ಡಂಡೀ ಮತ್ತು ವೆಸ್ಟ್ ಡನ್‌ಬಾರ್ಟನ್‌ಶೈರ್‌ಗಳಲ್ಲಿ. ಉತ್ತರದ ಆರ್ಕ್‌ನಿ, ಶೆಟ್‌ಲೆಂಡ್ ದ್ವೀಪಗಳಲ್ಲಿ ಪಕ್ಷೇತರರದೇ ಪ್ರಾಬಲ್ಯ. ಅಲ್ಲಿಯ ಪಕ್ಷೇತರ ಟಿಕೆಟ್ಟು ಸಿಗದವನಲ್ಲ. ಊರಿನ ಕೆಲಸಕ್ಕೆ ಪಕ್ಷ ಬೇಡವೆನ್ನುವ ಹಳೆಯ ರೂಢಿಯವನು. ಉಳಿದ ಕಡೆ ಎರಡು ಮೂರು ಗುಂಪುಗಳು ಮಾತಾಡಿಕೊಂಡು ಆಡಳಿತ ನಡೆಸುತ್ತವೆ. ಇದರಿಂದ ಅಲ್ಲಿ ಎಲ್ಲವೂ ಚೆನ್ನಾಗಿದೆಯೆಂದು ನಾನು ಹೇಳುತ್ತಿಲ್ಲ. ಆ ಸಲ ಮತ ಹಾಕಿದವರು ನೂರಕ್ಕೆ 45ರಷ್ಟು ಮಾತ್ರ. ಹೆಸರುಗಳು ಅಕಾರಾದಿಯಾಗಿ ಇರುವುದರಿಂದ, ಒಂದೇ ಪಕ್ಷದ ಇಬ್ಬರಲ್ಲಿ ಮೇಲೆ ಹೆಸರಿದ್ದವನಿಗೇ 1 ಬೀಳುವ ಸಂಭವ ಹೆಚ್ಚು. ಐವತ್ತು ಲಕ್ಷಕ್ಕೂ ಮೀರಿದ ಜನರಿಗೆ ಬರಿಯ 32 ಸಭೆಗಳು; ನಮ್ಮ ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗಳೇ ಸುಮಾರು 6,000. ಜನರ ಹತ್ತಿರ ಇರುವ ವಿಷಯದಲ್ಲಿ ನಾವೇ ಮುಂದೆ.

ಇದು ನಮಗೆ ಒಗ್ಗದ ಪರದೇಶದ ಲೆಕ್ಕ ಎಂದು ಕೆಲವರಿಗೆ ಅನ್ನಿಸಬಹುದು. ಹಾಗಲ್ಲ. ರಾಜ್ಯಸಭೆಗೂ ರಾಷ್ಟ್ರಪತಿ ಸ್ಥಾನಕ್ಕೂ ನಡೆಯುವ ಆಯ್ಕೆ 1, 2, 3 ಎಂದು ಬರೆದೇ. ಈ ಮಾತನ್ನು ಕೇಳುತ್ತಿರುವ ಪದವೀಧರರು ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರಕ್ಕೆ ಹಾಗೆಯೇ ಮತ ಹಾಕಿರುತ್ತಾರೆ. ಇನ್ನೂ ಸ್ವಾರಸ್ಯವೆಂದರೆ, ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ಪರಿಷತ್ತಿಗೆ ಸದಸ್ಯರನ್ನು ಕಳಿಸುವಾಗ ನಮ್ಮ ವಾರ್ಡಿನ ಸದಸ್ಯ ತನ್ನ ಕೈಯಲ್ಲಿ 1, 2 ಎಂದು ಬರೆಯುತ್ತಾನೆ. ಅವನನ್ನು ಆರಿಸಿದ ನನಗೆ ಮಾತ್ರ ಒಂದೇ ಗುಂಡಿ. ಎರಡನೆಯ ಆಯ್ಕೆಯನ್ನು ಹೇಳುವ ಬುದ್ಧಿ ಆರಿಸಿ ಬಂದವನಿಗೆ ಇದೆ, ಆರಿಸಿದವನಿಗಿಲ್ಲ ಎಂದು ಯಾರು ತೀರ್ಮಾನಿಸಿದರೋ.

ಆದರೆ ವಿಧಾನವನ್ನು ಕುರಿತು ಇಷ್ಟು ಮಾತಾಡಿದ ಮೇಲೆ ಅದಕ್ಕಿಂತ ನೋವಿನ ಸಂಗತಿಯನ್ನು ಹೇಳಲೇಬೇಕು. ಎಣಿಸುವುದು ಹೇಗೆಂಬುದು ಎಣಿಕೆ ನಡೆದರೆ ತಾನೆ? 2018ರ ಆಗಸ್ಟ್ 31ರಂದು ನಮ್ಮ ರಾಜ್ಯದ ನೂರಕ್ಕೂ ಹೆಚ್ಚು ಪಟ್ಟಣಗಳಲ್ಲಿ ಮತದಾನವಾಗಿ ಸೆಪ್ಟೆಂಬರ್ 3ರಂದು ಫಲಿತಾಂಶ ಬಂತು. ಅಧ್ಯಕ್ಷ ಸ್ಥಾನದ ಮೀಸಲಾತಿಯ ತಕರಾರು ಕೋರ್ಟಿಗೆ ಹೋಗಿ, ಅನೇಕ ಊರುಗಳಲ್ಲಿ ಗೆದ್ದವರು 2020ರವರೆಗೆ ಅಧಿಕಾರವಿಲ್ಲದೆ ಕಾದರು. ಗೆದ್ದವರ ಓಟುಗಳೂ ಚೀಲದಲ್ಲೇ ಉಳಿದ ಹಾಗಾಯಿತು. ಪಂಚಾಯಿತಿಗಳ ಕಥೆಯೂ ಹೀಗೆಯೇ. ಅಬ್ದುಲ್ ನಜೀರ್ ಸಾಬರು ಮಂತ್ರಿಯಾಗಿದ್ದಾಗ ರೂಪುಗೊಂಡ 1983ರ ಕಾನೂನಿನಂತೆ 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತುಗಳಿಗೂ ಮಂಡಲ ಪಂಚಾಯಿತಿಗಳಿಗೂ ಚುನಾವಣೆ ನಡೆಯಿತು. ನೂರಕ್ಕೆ 25 ಸ್ಥಾನಗಳು ಹೆಣ್ಣುಮಕ್ಕಳಿಗೆ. ಅದುವರೆಗೆ ಸಭೆಯ ಬಾಗಿಲನ್ನೇ ಕಾಣದಿದ್ದವರು ಕುರ್ಚಿಯಲ್ಲಿ ಕುಳಿತದ್ದನ್ನು ನಾನು ಕಣ್ಣಾರೆ ಕಂಡೆ. 1992ರಲ್ಲಿ ಅವಧಿ ಮುಗಿದಾಗ ಹೊಸಬರ ಬದಲು ಆಡಳಿತಾಧಿಕಾರಿಗಳು ಬಂದರು. ಸಂವಿಧಾನದ 73ನೆಯ ತಿದ್ದುಪಡಿ ಬಂದದ್ದೇ ಇಂಥದನ್ನು ತಡೆಯಲು. ಐದು ವರ್ಷ ಮುಗಿಯುವ ಮುನ್ನ ಚುನಾವಣೆ ಆಗಲೇಬೇಕು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ.

2016ರಲ್ಲಿ ಆರಿಸಿದ ನಮ್ಮ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಅದೇ ವರ್ಷ ಬಳ್ಳಾರಿಯಿಂದ ಬೇರೆಯಾಗಿ, ಹೊಸಪೇಟೆಯನ್ನು ಕೇಂದ್ರವಾಗಿಸಿಕೊಂಡು ವಿಜಯನಗರ ಜಿಲ್ಲೆ ಹುಟ್ಟಿತು. ಅಕ್ಟೋಬರಿನಲ್ಲಿ ಅದರ ಉದ್ಘಾಟನೆಯ ದೀಪಾಲಂಕಾರ ನೋಡಲು ನಾನೂ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಜಿಲ್ಲಾ ಪಂಚಾಯಿತಿಯ ಹೆಸರಿನ ಹಲಗೆ ಬಂತು, ಅಧಿಕಾರಿಗಳು ಬಂದರು. 2024ನೆಯ ವರ್ಷ ಮುಗಿದಾಗಲೂ ಆ ಹಲಗೆಯ ಕೆಳಗಿನ ಬಾಗಿಲನ್ನು ಜನರಿಂದ ಆರಿಸಿ ಬಂದ ಒಬ್ಬ ಸದಸ್ಯನೂ ದಾಟಿರಲಿಲ್ಲ.