ಯಾರೂ ಹುಡುಕದ ಪದಗಳ ಕತೆ

ಪುಣೆಯಲ್ಲಿ ಜೋಳದ ರೊಟ್ಟಿ ಊಟದ ಮೆಸ್ ನಡೆಸೋ ಪರಿಚಯದವರಿಗೆ ನೀವು ಗೂಗಲ್ ಜಾಹೀರಾತು ಹಾಕಿಕೊಡ್ತಿದ್ದೀರಿ ಅಂದುಕೊಳ್ಳಿ. ‘ಹಿಂಜೆವಾಡಿ ಜೋಳದ ರೊಟ್ಟಿ ಊಟ’ ಅಂತ ಕನ್ನಡದಲ್ಲೇ ಕೀವರ್ಡ್ ಕೊಡ್ತೀರಿ. ಪಕ್ಕದಲ್ಲಿ ‘ಲೋ ಸರ್ಚ್ ವಾಲ್ಯೂಮ್’ ಅಂತ ಬರುತ್ತೆ. ಬಜೆಟ್ ಕಮ್ಮಿ ಅಂತಲ್ಲ, ಕಾಗುಣಿತ ತಪ್ಪು ಅಂತಲೂ ಅಲ್ಲ. ಹುಡುಕುವವರು ತೀರಾ ಕಮ್ಮಿ, ಹಾಗಾಗಿ ಆ ಪದ ಹರಾಜಿಗೇ ಹೋಗುವುದಿಲ್ಲ.

ಮೊದಲು ಹೀಗಿರಲಿಲ್ಲ. 1998ರಲ್ಲಿ ಬಿಲ್ ಗ್ರಾಸ್ ಅವರ ಗೋಟು ಡಾಟ್ ಕಾಮ್ ಹುಡುಕಾಟದ ಪದಗಳನ್ನು ಹರಾಜಿಗಿಟ್ಟಾಗ, ಯಾರು ಎಷ್ಟು ಕೊಡ್ತಿದ್ದಾರೆ ಅನ್ನೋದು ಫಲಿತಾಂಶದ ಜೊತೆಗೇ ಕಾಣ್ತಿತ್ತು. ಕ್ಲಿಕ್ ಬಿದ್ದರೆ ಮಾತ್ರ ದುಡ್ಡು. ಪೈಪೋಟಿ ಇಲ್ಲದ ಅಪರೂಪದ ಪದ ಅಂದ್ರೆ ಅಗ್ಗದ ಪದ, ಸಣ್ಣ ಅಂಗಡಿಯವನಿಗೆ ಅದೇ ಲಾಭ. 2000ದ ಅಕ್ಟೋಬರ್‌ನಲ್ಲಿ ಆಡ್‌ವರ್ಡ್ಸ್ 350 ಜಾಹೀರಾತುದಾರರೊಂದಿಗೆ ಶುರುವಾಯ್ತು. 2002ರಲ್ಲಿ ಅಲ್ಲೂ ಕ್ಲಿಕ್ ಹರಾಜು ಬಂತು. 2004ರಲ್ಲಿ ಕ್ರಿಸ್ ಆ್ಯಂಡರ್ಸನ್ ವೈರ್ಡ್ ಪತ್ರಿಕೆಯಲ್ಲಿ ‘ಲಾಂಗ್ ಟೇಲ್’ ಬಗ್ಗೆ ಬರೆದ ಮೇಲಂತೂ ಕೇಳಲೇಬೇಡಿ: ಎಕ್ಸೆಲ್‌ನಲ್ಲಿ ಊರಿನ ಹೆಸರು ಒಂದು ಕಾಲಂ, ಸರಕು ಇನ್ನೊಂದು ಕಾಲಂ, ಎರಡನ್ನೂ ಜೋಡಿಸಿ ಸಾವಿರಾರು ಕೀವರ್ಡ್ ಸುರಿಯೋದೇ ಕಸುಬಾಯ್ತು. ಅದರಲ್ಲಿ ಎಷ್ಟೋ ಪದಗಳನ್ನು ಯಾರೂ ಟೈಪ್ ಮಾಡ್ತಿರಲಿಲ್ಲ. ಈ ಹೊರೆ ಇಳಿಸೋಕೆ ಬಂದ ಜರಡಿಯೇ ನಮ್ಮ ‘ಲೋ ಸರ್ಚ್ ವಾಲ್ಯೂಮ್’. ಹುಡುಕಾಟ ಹೆಚ್ಚಾದರೆ ಪದ ತಾನಾಗಿಯೇ ಎದ್ದು ಕೂರುತ್ತೆ.

ಆದರೆ ದಿನದ ಹುಡುಕಾಟದಲ್ಲಿ ಸುಮಾರು 15% ಹಿಂದೆಂದೂ ಕಾಣದವು ಅಂತ ಗೂಗಲ್ಲೇ ಹೇಳುತ್ತೆ! ಅವಕ್ಕೆ ಜಾಹೀರಾತು ಎಲ್ಲಿಂದ? ಹತ್ತಿರದ ಪದಗಳಿಂದ. 2014ರಲ್ಲಿ ‘ಕ್ಲೋಸ್ ವೇರಿಯಂಟ್’ ಕಡ್ಡಾಯವಾಯ್ತು, 2018ರಲ್ಲಿ ‘ಎಕ್ಸ್ಯಾಕ್ಟ್ ಮ್ಯಾಚ್’ ಅಂದರೆ ಅದೇ ಪದ ಅಂತಲ್ಲ, ಅದೇ ಅರ್ಥ ಅಂತಾಯ್ತು. ಪದ ಆರಿಸೋದು ನಮ್ಮ ಕೈಯಿಂದ ಜಾರಿ, ಅರ್ಥ ಊಹಿಸೋದು ಯಂತ್ರದ ಪಾಲಾಯ್ತು. (ರೊಟ್ಟಿ, ಭಾಕರಿ ಎರಡೂ ಒಂದೇ ಅಂತ ಯಂತ್ರ ಒಪ್ಪಬಹುದು, ನಮ್ಮಜ್ಜಿ ಒಪ್ಪಲ್ಲ.) 2020ರ ಸೆಪ್ಟೆಂಬರ್‌ನಿಂದ ಕೆಲವೇ ಜನ ಹುಡುಕಿದ ಪದಗಳು ಸರ್ಚ್ ಟರ್ಮ್ಸ್ ವರದಿಯಲ್ಲೂ ಮಾಯ. ನನಗೆ ದೊಡ್ಡ ಪೆಟ್ಟು ಅನಿಸೋದು ಇದೇ. ಹೊರನಾಡ ಕನ್ನಡಿಗರು ಹುಡುಕೋದೆಲ್ಲ ಹೆಚ್ಚಾಗಿ ‘ಕೆಲವೇ ಜನ’ರ ಲೆಕ್ಕಕ್ಕೇ ಬೀಳುತ್ತೆ.

ಹಾಗಾಗಿ ಆ ಉದ್ದದ ಕೀವರ್ಡ್ ಅಳಿಸಬೇಕಾಗಿಲ್ಲ, ಅದರಿಂದ ನಷ್ಟವೂ ಇಲ್ಲ. ಊರಿನ ಹೆಸರನ್ನು ಲೊಕೇಶನ್ ಸೆಟ್ಟಿಂಗ್‌ಗೆ ಬಿಟ್ಟು, ಬರೀ ‘ಜೋಳದ ರೊಟ್ಟಿ’ಯನ್ನು ಫ್ರೇಸ್ ಮ್ಯಾಚ್‌ನಲ್ಲಿ, ಕನ್ನಡ ಮತ್ತು ಇಂಗ್ಲಿಷ್ ಎರಡೂ ಲಿಪಿಯಲ್ಲಿ ಹಾಕಿ. ಆಮೇಲೆ ಮೆಸ್‌ಗೆ ಫೋನ್ ಮಾಡಿದವರನ್ನೇ ಕೇಳೋಕೆ ಹೇಳಿ: ‘ಏನಂತ ಟೈಪ್ ಮಾಡಿದ್ರಿ?’ ವರದಿಯಲ್ಲಿ ಕಾಣದ ಪದಗಳು ಅಲ್ಲಿ ಸಿಗುತ್ತವೆ.